ಕೆಂಪು ಹಿಡಿಯ ಚಾಕು

ಅಲಗಣ್ಣನ ಹತ್ತಿರ ಚಾಕು ಮಾಡಿಸಿಕೊಳ್ಳಲು ಹೋದವರ ಕೈಗೆ ಮೊದಲು ಸಿಗುತ್ತಿದ್ದದ್ದು ಚಾಕು ಅಲ್ಲ, ಒಂದು ಉಂಡೆ ಜೇಡಿಮಣ್ಣು. "ಹಿಸುಕಿ" ಎನ್ನುತ್ತಿದ್ದ. ಬಂದವರು ಮಣ್ಣನ್ನೂ ಅವನ ಮುಖವನ್ನೂ ನೋಡುತ್ತ ಕಕ್ಕಾಬಿಕ್ಕಿಯಾಗಿ ನಿಂತರೆ, "ಮಗುವಿನ ಕೆನ್ನೆ ಹಿಡಿದ ಹಾಗೆ ಹಿಡೀಬೇಡಿ. ನೂಕುನುಗ್ಗಲಿನ ಬಸ್ಸಲ್ಲಿ ಕಂಬಿ ಹಿಡಿತೀರಲ್ಲ, ಹಾಗೆ ಹಿಡೀರಿ" ಎಂದು ಗದರುತ್ತಿದ್ದ. ಹಾಗೆ ಮೂಡಿದ ಮುಷ್ಟಿಯ ಅಚ್ಚನ್ನು ಕುಲುಮೆಯ ಪಕ್ಕ ಒಣಗಿಸಿ, ಗೋಡೆಯ ಹಲಗೆಯ ಮೇಲಿಟ್ಟು, ಅದನ್ನು ನೋಡಿಕೊಂಡೇ ಚಾಕುವಿನ ಹಿಡಿ ಕೆತ್ತುತ್ತಿದ್ದ. ಮಾಂಸದಂಗಡಿಯವನ ದಪ್ಪ ಮುಷ್ಟಿ, ಹೂವಿನಂಗಡಿಯವಳ ಪುಟ್ಟ ಮುಷ್ಟಿ, ಹೋಟೆಲಿನ ಅಡುಗೆಯವನ ಅಂಕುಡೊಂಕು ಮುಷ್ಟಿ, ಹೀಗೆ ಊರಿಗೆ ಊರೇ ಆ ಹಲಗೆಯ ಮೇಲೆ ಮುಷ್ಟಿ ಕಟ್ಟಿಕೊಂಡು ಕೂತಿತ್ತು. ಹೊಸದಾಗಿ ಬಂದವರಿಗೆ ಇಲ್ಲಿ ಯಾವುದೋ ಚಳವಳಿ ನಡೆಯುತ್ತಿದೆಯೇನೋ ಅನ್ನಿಸುತ್ತಿತ್ತು.

ಮಣ್ಣಿನ ಪರೀಕ್ಷೆ ಮುಗಿದರೆ ಈರುಳ್ಳಿಯ ಪರೀಕ್ಷೆ. ಒಂದು ಸಾಧಾರಣ ಚಾಕು, ಒಂದು ಹಲಗೆ, ಒಂದು ಈರುಳ್ಳಿ ಕೊಟ್ಟು, ಹೆಚ್ಚಿ ತೋರಿಸಿ ಎನ್ನುತ್ತಿದ್ದ. ತಾನು ಹಿಂದೆ ಕೈಕಟ್ಟಿ ನಿಂತು, ಅವರು ಅಲಗನ್ನು ಒತ್ತುತ್ತಾರೋ ಜಾರಿಸುತ್ತಾರೋ, ಮಣಿಕಟ್ಟು ಯಾವ ಕಡೆ ವಾಲುತ್ತದೆ, ತೋರುಬೆರಳು ಎಲ್ಲಿ ಕೂರುತ್ತದೆ ಎಲ್ಲವನ್ನೂ ನೋಡುತ್ತಿದ್ದ. ನೋಡಿ ಸುಮ್ಮನಿದ್ದಿದ್ದರೆ ಅವನ ಕಥೆಯನ್ನು ನಾನು ಹೇಳಬೇಕಾಗಿಯೇ ಇರಲಿಲ್ಲ. ಸುಮ್ಮನಿರುವುದು ಅವನಿಗೆ ಬರುತ್ತಿರಲಿಲ್ಲ. "ಈರುಳ್ಳಿ ನಿಮಗೇನು ಅನ್ಯಾಯ ಮಾಡಿತ್ತು?" ಎಂದು ಒಬ್ಬರನ್ನು ಕೇಳಿದರೆ, "ಹೆಬ್ಬೆರಳನ್ನ ಅಲ್ಲಿ ಯಾಕೆ ಇಟ್ಟಿದ್ದೀರಿ, ಬೇಡವಾಗಿದ್ರೆ ಹೇಳಿ" ಎಂದು ಇನ್ನೊಬ್ಬರಿಗೆ ಹೇಳುತ್ತಿದ್ದ. ಈರುಳ್ಳಿಯ ಖಾರಕ್ಕೋ ಇವನ ಮಾತಿನ ಖಾರಕ್ಕೋ, ಗಿರಾಕಿಗಳು ಕಣ್ಣೊರೆಸಿಕೊಳ್ಳುತ್ತಲೇ ಹೊರಗೆ ಬರುತ್ತಿದ್ದರು. ಆದರೆ ಚಾಕು ಕೈಗೆ ಬಂದ ದಿನ ಎಲ್ಲ ಮರೆತುಬಿಡುತ್ತಿದ್ದರು. ಅದು ಅವರ ಕೈಯಲ್ಲೇ ಹುಟ್ಟಿದ ಹಾಗೆ ಕೂರುತ್ತಿತ್ತು.

ಹೆತ್ತವರು ಅವನಿಗೆ ಬೇರೆ ಹೆಸರು ಇಟ್ಟಿದ್ದರು. ಆ ಹೆಸರು ಹಿಡಿದು ಯಾರಾದರೂ ಕರೆದರೆ, ಯಾರನ್ನು ಕರೆದರಪ್ಪಾ ಎಂದು ಅವನೂ ಅತ್ತಿತ್ತ ನೋಡುತ್ತಿದ್ದ. ಮಾತೆತ್ತಿದರೆ ಅಲಗು, ಅಲಗು ಅನ್ನುತ್ತಿದ್ದವನಿಗೆ ಅಲಗಣ್ಣ ಎಂಬ ಹೆಸರೇ ಗಟ್ಟಿಯಾಯಿತು. ಮರದ ಮಿಲ್ಲಿನಿಂದ ಬಿಸಾಡಿದ ಗರಗಸ, ಲಾರಿಯಡಿ ಮುರಿದು ಬಿದ್ದ ಸ್ಪ್ರಿಂಗು ಪಟ್ಟಿ, ಇವೇ ಅವನ ಸಾಮಗ್ರಿ. ಕಾಯಿಸಿ, ಬಡಿದು, ಉಜ್ಜಿ, ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯ ಡಬ್ಬದಲ್ಲಿ ಅದ್ದುವಾಗ ಬರುವ ಸದ್ದಿನಲ್ಲೇ ಹದ ಬಂತೋ ಕೆಟ್ಟಿತೋ ಹೇಳುತ್ತಿದ್ದ. ಕೊನೆಗೆ ಅಲಗಿನ ಬೆನ್ನಿನ ಮೇಲೆ, ತೋರುಬೆರಳು ಕೂರುವ ಜಾಗದಲ್ಲಿ, ಸಣ್ಣ ಅರದಿಂದ ಉಜ್ಜಿ ಏಣು ಮುರಿದು ನುಣುಪು ಮಾಡುತ್ತಿದ್ದ. ಯಾರೂ ಕೇಳದ ಕೆಲಸ ಅದು. ಬೆರಳು ನೋಯಬಾರದು ಎನ್ನುವುದು ಅವನೊಬ್ಬನ ಹಟ. ಆ ಹಟ ಎಷ್ಟು ಹಳೆಯದೆಂದರೆ, ಅವನ ಮನಸ್ಸು ಬೇರೆಲ್ಲೋ ಇದ್ದರೂ ಕೈ ತಾನೇ ಅರ ಹುಡುಕಿಕೊಂಡು ಹೋಗುತ್ತಿತ್ತು.

ಇಂಥ ಮಹಾನುಭಾವನ ಮನೆಯ ಅಡುಗೆಮನೆಯಲ್ಲಿ ಇದ್ದದ್ದು ಯಾವ ಚಾಕು ಅಂತೀರಿ? ಪಾತ್ರೆ ಅಂಗಡಿಯಲ್ಲಿ ಬಾಚಣಿಗೆ, ಬಟ್ಟೆ ಕ್ಲಿಪ್ಪುಗಳ ಜೊತೆ ತೂಗುಹಾಕಿರುತ್ತಾರಲ್ಲ, ತಗಡಿನಂಥ ಅಲಗು, ಕೆಂಪು ಪ್ಲಾಸ್ಟಿಕ್ ಹಿಡಿ, ಅದು! ಹಿಡಿಯ ಒಂದು ಮೂಲೆ ಯಾವಾಗಲೋ ಒಲೆಗೆ ತಾಗಿ ಕರಗಿ ಮುದುಡಿಕೊಂಡಿತ್ತು. ಅಲಗಣ್ಣನಿಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಊಟಕ್ಕೆ ಕೂತಾಗ ಅದು ಕಣ್ಣಿಗೆ ಬೀಳದಂತೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

ಇದರ ಹಿಂದಿನ ಜಗಳ ಹಳೆಯದು. ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಗೆಂದು ಒಂದು ಚಾಕು ಮಾಡಿಕೊಟ್ಟಿದ್ದ. ಕೊಟ್ಟು ತನ್ನ ಪಾಡಿಗೆ ತಾನು ಹೋಗಿದ್ದರೆ ಆಗುತ್ತಿತ್ತು. ಹೋಗದೆ, ಅವಳ ಬೆನ್ನ ಹಿಂದೆ ಕೈಕಟ್ಟಿ ನಿಂತ. ಒತ್ತಬೇಡ ಅಂದ. ಜಾರಿಸು ಅಂದ. ಮಣಿಕಟ್ಟು ಎತ್ತು ಅಂದ, ಇಷ್ಟಲ್ಲ ಅಂದ. ಬೆಳಿಗ್ಗೆ ಅಂದದ್ದನ್ನು ಸಂಜೆಯೂ ಅಂದ. ಕೆಲವು ದಿನ ಸಹಿಸಿಕೊಂಡ ಅವಳು ಒಂದು ದಿನ ಸೌತೆಕಾಯಿಯನ್ನು ಅರ್ಧಕ್ಕೇ ಬಿಟ್ಟು, ಚಾಕು ತೊಳೆದು, ಒರೆಸಿ, ಅವನ ಕೈಗಿಟ್ಟಳು. "ನಿಮ್ಮ ಚಾಕು ನನಗೆ ಬೇಡ. ಬಾಯಿ ಮುಚ್ಚಿಕೊಂಡು ಇರೋದು ನೀವು ಯಾವತ್ತು ಕಲಿತೀರೋ ಅವತ್ತು ನಿಮ್ಮ ಚಾಕು ಈ ಅಡುಗೆಮನೆಗೆ ಬರಲಿ" ಎಂದು, ಚಪ್ಪಲಿ ಮೆಟ್ಟಿ ನೇರ ಪಾತ್ರೆ ಅಂಗಡಿಗೆ ಹೋದಳು. ಕೆಂಪು ಹಿಡಿ ಮನೆಗೆ ಬಂದದ್ದು ಹಾಗೆ. ಅಲಗಣ್ಣ ಆ ಮಾತಿನ ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡ. ನನ್ನ ಚಾಕು ಬೇಡ ಅಂದಳು, ಅಷ್ಟೇ. ಉಳಿದರ್ಧ ಅವನ ಕಿವಿಗೆ ಬಿದ್ದಿರಲೇ ಇಲ್ಲವೋ, ಬಿದ್ದದ್ದನ್ನು ಅಲ್ಲೇ ಬಿಟ್ಟುಬಂದನೋ ದೇವರಿಗೇ ಗೊತ್ತು.

ಮಕ್ಕಳಾದರು, ದೊಡ್ಡವರಾಗಿ ತಮ್ಮ ತಮ್ಮ ಮನೆ ಮಾಡಿಕೊಂಡರು, ಗಂಡಹೆಂಡಿರ ತಲೆಯಲ್ಲಿ ಬಿಳಿಕೂದಲು ಇಣುಕಿತು. ಬೇರೆ ಯಾವ ವಿಷಯಕ್ಕೂ ಅವರ ನಡುವೆ ಮನಸ್ತಾಪ ಇರಲಿಲ್ಲ. ಆದರೆ ಊರಿನವರೆಲ್ಲ ಹೊಗಳಿದ ಮೇಲೂ, ಇವಳ ಬಾಯಿಂದ 'ಚಾಕು ಚೆನ್ನಾಗಿದೆ' ಎಂಬ ಒಂದು ಮಾತು ಕೇಳದೆ ಅವನಿಗೆ ಸಮಾಧಾನ ಇರಲಿಲ್ಲ. ಆ ಒಂದು ಆಸೆ ಅವನ ಹೊಟ್ಟೆಯೊಳಗೆ ಕರಗದೆ ಉಳಿದುಬಿಟ್ಟಿತ್ತು.

ಒಂದು ಮಧ್ಯಾಹ್ನ ಅವಳು ಕುಂಬಳಕಾಯಿ ಹೆಚ್ಚಲು ಕೂತಳು. ಅಲಗಣ್ಣನ ಕಾರ್ಖಾನೆ ಎಂದರೆ ಮನೆಯ ಹಿಂದೆ ತಗಡು ಹೊದಿಸಿದ ಒಂದು ಕೋಣೆ. ಅದರ ಕಿಟಕಿಯಿಂದ ನೋಡಿದರೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಅಡುಗೆಮನೆಯ ಕಿಟಕಿ. ಅಲ್ಲಿಂದ ದಬದಬ ಎಂದು ಸದ್ದು ಕೇಳಿಸಿತು. ಇಣುಕಿ ನೋಡಿದರೆ ಅವಳು ಕುಂಬಳಕಾಯಿಗೆ ಕೆಂಪು ಚಾಕು ಸಿಕ್ಕಿಸಿ, ಅದರ ಬೆನ್ನ ಮೇಲೆ ಗುಂಡುಕಲ್ಲಿನಿಂದ ಕುಟ್ಟುತ್ತಿದ್ದಾಳೆ! ಅಲಗಣ್ಣ ಕೈಲಿದ್ದ ಸುತ್ತಿಗೆ ಬಿಸಾಡಿದ. ಓಡಿಹೋಗಿ ಬಾಗಿಲಲ್ಲಿ ನಿಂತ.

"ಕೊಡೇ ಇಲ್ಲಿ. ಒಂದೇ ಒಂದು ಸಲ ಸಾಣೆ ಹಿಡಿದುಕೊಡ್ತೀನಿ."

"ಬೇಡ. ಇದಕ್ಕೆ ನಾನು ಒಗ್ಗಿದ್ದೀನಿ, ನನಗೆ ಇದು ಒಗ್ಗಿದೆ."

"ಕೈ ಜಾರಿದ್ರೆ ಏನು ಗತಿ?"

"ಜಾರಿದ್ರೆ ಕೂಗ್ತೀನಿ, ಆಗ ಬನ್ನಿ" ಎಂದು ಮತ್ತೊಮ್ಮೆ ಕುಟ್ಟಿದಳು.

ಅವತ್ತೇ ಅವನ ತಲೆಯಲ್ಲಿ ಕಿತಾಪತಿ ಮೊಳೆಯಿತು. ನೇರವಾಗಿ ಎದುರುಮನೆಯ ದರ್ಜಿಯ ಹತ್ತಿರ ಹೋಗಿ ಗುಟ್ಟಾಗಿ ಹೇಳಿದ: ಹಿಡಿ ಅದೇ ಇರಲಿ, ಕರಗಿದ ಮೂಲೆಯೂ ಅದೇ ಇರಲಿ, ಒಳಗಿನ ಅಲಗು ಮಾತ್ರ ತನ್ನದಾಗಬೇಕು. ಅವಳಿಗೆ ಗೊತ್ತೇ ಆಗಬಾರದು. ದರ್ಜಿ ಬಾಯಲ್ಲಿದ್ದ ಸೂಜಿ ತೆಗೆದು, "ಹೊರಗೆ ಹಳೇ ಕೋಟು, ಒಳಗೆ ಹೊಸ ಅಸ್ತರು. ನಮ್ಮಲ್ಲಿ ಇದು ದಿನಾ ನಡೆಯೋ ವ್ಯವಹಾರ ಬಿಡಣ್ಣ" ಎಂದ. ನಂತರ, "ಅತ್ತಿಗೆಯ ಮುಷ್ಟಿ ನಿನ್ನ ಹಲಗೆ ಮೇಲೆ ಇಲ್ವಲ್ಲ, ಅಳತೆಗೆ ಏನು ಮಾಡ್ತೀಯ?" ಎಂದು ಕೇಳಿದ.

ಅಲಗಣ್ಣನ ಉತ್ಸಾಹ ಅಲ್ಲೇ ಠುಸ್ಸೆಂದಿತು. ಅಳತೆಯಿಲ್ಲದೆ ಚಾಕು ಮಾಡುವುದು ಅವನ ಜಾಯಮಾನದಲ್ಲೇ ಇಲ್ಲ. ಅದೂ ಅವಳ ಬಲಗೈಯ ಕಿರುಬೆರಳು ಸೊಟ್ಟ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮುರಿದು, ಕೂಡಿಕೊಳ್ಳುವಾಗ ಹೊರಕ್ಕೆ ಬಾಗಿ ನಿಂತಿತ್ತು. ಯಾವ ಹಿಡಿ ಹಿಡಿದರೂ ಅದೊಂದು ಬೆರಳು ನೆಂಟರ ಮನೆಯಲ್ಲಿ ಜಾಗ ಸಿಗದವರ ಹಾಗೆ ಹೊರಗೇ ನಿಂತಿರುತ್ತಿತ್ತು. ಯೋಚಿಸುತ್ತ ಹಿತ್ತಲಿಗೆ ಬಂದವನ ಕಣ್ಣಿಗೆ ಒಗೆಯುವ ಕಲ್ಲಿನ ಮೇಲಿದ್ದ ಬಟ್ಟೆಸೋಪು ಬಿತ್ತು. ಅರ್ಧ ಸವೆದಿತ್ತು. ಅವಳು ಹಿಡಿದು ಹಿಡಿದು, ನಾಲ್ಕು ಬೆರಳಿನ ಗುರುತೂ ಅದರಲ್ಲಿ ಸ್ಪಷ್ಟವಾಗಿ ಇಳಿದಿತ್ತು. ಕೊನೆಯದು ಪಕ್ಕಕ್ಕೆ ವಾಲಿತ್ತು. ಅಲಗಣ್ಣ ಆಚೀಚೆ ನೋಡಿ ಸೋಪನ್ನು ಜೇಬಿಗಿಳಿಸಿದ.

"ನನ್ನ ಸೋಪೆಲ್ಲಿ?" ಎಂದು ಅವಳು ಹಿತ್ತಲೆಲ್ಲ ಹುಡುಕಿದಳು. ಅವನು ಕಿಟಕಿಯಿಂದ ತಲೆ ಹಾಕಿ, "ಕಾಗೆ ಒಯ್ದಿರಬೇಕು" ಎಂದ. "ಒದ್ದೆ ಬಟ್ಟೆ ಹಾಗೇ ಬಿಟ್ಟು ಸೋಪು ಮಾತ್ರ ಒಯ್ದಿದೆ ಅಂದ್ರೆ, ಕಾಗೆ ಬೆಳ್ಳಗಾಗೋ ಯೋಚನೆಯಲ್ಲಿದೆ ಅಂತ ಕಾಣುತ್ತೆ" ಎಂದಳು ಅವಳು. ಅವನು ತಲೆ ಒಳಗೆಳೆದುಕೊಂಡ. ಸೋಪನ್ನು ಹಲಗೆಯಲ್ಲಿ ಮಾಂಸದಂಗಡಿಯವನ ಮುಷ್ಟಿಯ ಹಿಂದೆ ಅಡಗಿಸಿಟ್ಟ.

ಅಲಗು ತಯಾರಾಯಿತು. ಹಳೇ ಗರಗಸದ ಉಕ್ಕು, ಎಲೆಯಂತೆ ತೆಳು. ಎಂದೂ ಮಾಡದ ಪಾಪದ ಕೆಲಸಗಳನ್ನೂ ಮಾಡಿದ: ಹೊಳಪು ಬಂದ ಅಲಗಿಗೆ ವಿನಿಗರ್ ಸವರಿ ಮಂಕು ಬರಿಸಿದ, ಅಗ್ಗದ ಚಾಕುವಿನ ಮೇಲಿದ್ದ ನಕ್ಷತ್ರದ ಗುರುತನ್ನೇ ತಾನೂ ಕೊರೆದ. ಅವಳು ತನ್ನ ಅಕ್ಕನ ಮನೆಗೆಂದು ಹೊರಟ ದಿನ, ಅವಳ ಬಸ್ಸು ತಿರುವು ದಾಟುವ ಮೊದಲೇ ಅವನು ಅಡುಗೆಮನೆಯಲ್ಲಿದ್ದ. ಕೆಂಪು ಹಿಡಿಯಿಂದ ತಗಡನ್ನು ಕಿತ್ತು ಬಿಸಾಡಿ, ತನ್ನ ಅಲಗನ್ನು ಅಂಟು ಹಾಕಿ ಕೂರಿಸಿದ. ಸೋಪನ್ನು ಪಕ್ಕದಲ್ಲಿಟ್ಟುಕೊಂಡು, ಸೊಟ್ಟ ಬೆರಳು ಬರುವ ಜಾಗದಲ್ಲಿ ಪ್ಲಾಸ್ಟಿಕ್ಕನ್ನು ಹೆರೆದು ಒಂದು ಸಣ್ಣ ಗುಳಿ ಮಾಡಿದ. ಹೆರೆದ ಗುರುತು ಕಾಣದಂತೆ ಎಣ್ಣೆ, ಮಸಿ ತಿಕ್ಕಿದ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಇದೆಲ್ಲದರ ನಡುವೆ ಅವನ ಕೈ, ಅವನನ್ನು ಕೇಳದೆಯೇ, ಅಲಗಿನ ಬೆನ್ನಿನ ಏಣನ್ನು ಅರದಿಂದ ಮುರಿದಿಟ್ಟಿತ್ತು. ಅದು ಅವನ ಗಮನಕ್ಕೇ ಬರಲಿಲ್ಲ.

ಊರಿಂದ ಬಂದವಳು ಮಾರನೆಯ ಬೆಳಿಗ್ಗೆ ಟೊಮೆಟೊ ತೆಗೆದುಕೊಂಡಳು. ಅವನು ನೀರು ಕುಡಿಯುವ ನೆಪದಲ್ಲಿ ಬಂದು ನಿಂತ. ಚಾಕು ಇಟ್ಟಳು, ಟೊಮೆಟೊ ಎರಡಾಯಿತು. ಅವಳು ಒಂದು ಗಳಿಗೆ ಕೈ ನಿಲ್ಲಿಸಿದಳು. ಅವನು ಉಸಿರು ನಿಲ್ಲಿಸಿದ. ಅವಳು ಇನ್ನೊಂದು ಟೊಮೆಟೊ ತೆಗೆದುಕೊಂಡಳು. ಅಷ್ಟೇ. ಅಲಗಣ್ಣನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವತ್ತಿಂದ ದಿನಾ ಒಂದಲ್ಲ ಒಂದು ನೆಪ ತೆಗೆದು ಅಡುಗೆಮನೆಗೆ ಬರತೊಡಗಿದ. ಅವಳು ಮಣಿಕಟ್ಟು ತಪ್ಪಾಗಿಯೇ ಹಿಡಿಯುತ್ತಿದ್ದಳು. ನಾಲಿಗೆಯ ತುದಿಗೆ ಬಂದದ್ದನ್ನು ಅವನು ನುಂಗಿಕೊಳ್ಳುತ್ತಿದ್ದ. ಮಾತಾಡಿದರೆ ಎಲ್ಲಿ ಗುಟ್ಟು ಹೊರಬೀಳುತ್ತದೋ ಎಂಬ ಭಯ. ತುಟಿ ಪಿಟಕ್ಕೆನ್ನದೆ ನಿಂತು, ನೋಡಿ, ನೀರು ಕುಡಿದು ಹೋಗುತ್ತಿದ್ದ. ಆ ತಿಂಗಳುಗಳಲ್ಲಿ ಅವನು ಕುಡಿದ ನೀರಿಗೆ ಲೆಕ್ಕವಿಲ್ಲ.

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅಲಗಣ್ಣನಿಗೊಬ್ಬ ತಂಗಿ ಇದ್ದಳು. ಅವಳಿಗೆ ಒಂದು ಸುದ್ದಿ ಸಿಕ್ಕಿದರೆ ಪೇಟೆಬೀದಿಗೆ ಬೇರೆ ಧ್ವನಿವರ್ಧಕ ಬೇಡ. ಒಂದು ದಿನ ಬಂದವಳು ಅತ್ತಿಗೆ ಕುಂಬಳಕಾಯಿ ಹೆಚ್ಚುವುದನ್ನು ನೋಡಿ ಕಣ್ಣರಳಿಸಿದಳು.

"ಇದೇನತ್ತಿಗೆ, ಸೋಪು ಕೊಯ್ದ ಹಾಗೆ ಕೊಯ್ತಿದ್ದೀರಿ!"

ಸೋಪು ಎಂಬ ಮಾತಿಗೆ ನೀರು ಕುಡಿಯುತ್ತಿದ್ದ ಅಲಗಣ್ಣನಿಗೆ ನೆತ್ತಿ ಹತ್ತಿತು.

"ಪಾತ್ರೆ ಅಂಗಡಿ ಚಾಕು ಕಣಮ್ಮ" ಎಂದಳು ಹೆಂಡತಿ, ಅವನು ಕೆಮ್ಮು ಮುಗಿಸುವವರೆಗೂ ಕಾದು. "ಹಳೇದಾದ ಹಾಗೆಲ್ಲ ಹರಿತ ಆಗ್ತಾ ಬಂತು ನೋಡು. ಕೆಲವಕ್ಕೆ ಆ ಗುಣ ಇರುತ್ತೆ. ನಿಮ್ಮಣ್ಣ ಅದ್ಯಾಕೆ ದಿನವೆಲ್ಲ ಬೆಂಕಿ ಮುಂದೆ ಕೂತು ಬಡಿದುಕೊಳ್ತಾರೋ ನನಗಂತೂ ಗೊತ್ತಾಗಲ್ಲ."

ತಂಗಿ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಚಾಕು ಮಾಡುವವನ ಹೆಂಡತಿಯೇ ಪಾತ್ರೆ ಅಂಗಡಿಯ ಚಾಕು ಬಳಸುತ್ತಾಳಂತೆ, ಅದು ಹಳೆಯದಾದಷ್ಟೂ ಹರಿತವಾಗುತ್ತದಂತೆ! ಪಾತ್ರೆ ಅಂಗಡಿಯವನಿಗೂ ಇದು ಹೊಸ ವಿಷಯ. ಆದರೆ ಬಂದ ಭಾಗ್ಯವನ್ನು ಬೇಡ ಅನ್ನುವ ಜಾತಿಯ ಮನುಷ್ಯನಲ್ಲ ಅವನು. 'ವರ್ಷ ಕಳೆದಂತೆ ಹರಿತ' ಎಂದು ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದ. ಕೆಂಪು ಚಾಕುಗಳು ಗೊಂಚಲುಗಟ್ಟಲೆ ಖಾಲಿಯಾದವು. ಮೊಂಡು ಚಾಕು ಹಿಡಿದು ದೂರು ತಂದವರಿಗೆ, "ಇನ್ನೂ ಹಳೇದಾಗಬೇಕು, ತಾಳ್ಮೆ ಇರಲಿ" ಎಂದು ಹೇಳಿ ಕಳಿಸುತ್ತಿದ್ದ.

ಅಲಗಣ್ಣನ ಕುಲುಮೆಯ ಮುಂದೆ ನೊಣ ಹಾರತೊಡಗಿತು. ಹೊಸ ಚಾಕು ಬೇಕೆಂದಿದ್ದ ಹೋಟೆಲಿನ ಅಡುಗೆಯವನು ಬಂದು ತಲೆ ಕೆರೆದುಕೊಂಡು, "ಈಗಲೇ ಬೇಡ ಅಲಗಣ್ಣ. ಒಂದು ಕೆಂಪು ಹಿಡೀದು ತಗೊಂಡಿದ್ದೀನಿ, ಹಳೇದಾಗೋಕೆ ಇಟ್ಟಿದ್ದೀನಿ" ಎಂದ. ಅಲಗಣ್ಣ ದರ್ಜಿಯ ಅಂಗಡಿಗೆ ಹೋಗಿ ತಲೆಮೇಲೆ ಕೈಹೊತ್ತು ಕೂತ. "ಹೋಗಿ ನಿಜ ಹೇಳಿಬಿಡು" ಎಂದ ದರ್ಜಿ. "ಹೇಳಿದ್ರೆ ಅವಳು ಆ ಚಾಕೂನ ಚರಂಡಿಗೆ ಬಿಸಾಡ್ತಾಳೆ" ಎಂದ ಅಲಗಣ್ಣ. "ನನ್ನ ಚಾಕು ಅವಳ ಕೈ ಸೇರಿರೋದು ಈಗ ಕಣಯ್ಯ. ಅದನ್ನ ಹೇಗೆ ಕಳಕೊಳ್ಳಲಿ?" ದರ್ಜಿಗೆ ನಗು ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡ.

ಆಗ ಪಾತ್ರೆ ಅಂಗಡಿಯವನಿಗೆ ಇನ್ನೊಂದು ಬುದ್ಧಿ ಹೊಳೆಯಿತು. ಭಾನುವಾರ ತನ್ನ ಅಂಗಡಿಯ ಮುಂದೆ ಒಂದು ಸ್ಪರ್ಧೆ: ಅಲಗಣ್ಣನ ಅತ್ಯುತ್ತಮ ಚಾಕು ಒಂದು ಕಡೆ, ಅಲಗಣ್ಣನ ಹೆಂಡತಿಯ ಕೆಂಪು ಚಾಕು ಇನ್ನೊಂದು ಕಡೆ. ಮಾಗಿದ ಟೊಮೆಟೊವನ್ನು ಯಾರು ತೆಳ್ಳಗೆ ಹೆಚ್ಚುತ್ತಾರೋ ನೋಡಿಯೇಬಿಡೋಣ. ಕೇಳಲು ಮನೆಗೆ ಬಂದಾಗ ಅಲಗಣ್ಣ ಬಾಯಿ ತೆರೆಯುವ ಮೊದಲೇ ಅವಳು ಒಳಗಿನಿಂದ, "ಬರ್ತೀವಿ ಬಿಡಿ" ಎಂದುಬಿಟ್ಟಳು.

ಭಾನುವಾರ ಬೆಳಿಗ್ಗೆ ಅಲಗಣ್ಣ ಕಾರ್ಖಾನೆಯಲ್ಲಿ ತನ್ನ ಸ್ವಂತ ಚಾಕುವನ್ನು ಎದುರಿಗಿಟ್ಟುಕೊಂಡು ಕೂತ. ತನ್ನ ಮುಷ್ಟಿಗೆ ತಾನೇ ಮಾಡಿಕೊಂಡ ಚಾಕು ಅದು. ಗೆದ್ದರೆ ಹೆಸರು ಉಳಿಯುತ್ತದೆ, ಆದರೆ ಊರೆದುರು ಸೋತ ಕೆಂಪು ಚಾಕುವನ್ನು ಅವಳು ಮತ್ತೆ ಮುಟ್ಟುತ್ತಾಳೆಯೇ? ಅಂಗಡಿಗೆ ಹೋಗಿ ಬೇರೆ ತರುತ್ತಾಳೆ. ಮತ್ತೆ ತಗಡು, ಮತ್ತೆ ಗುಂಡುಕಲ್ಲು. ಸೋತರೆ ಅವನ ಕಸುಬೇ ಮುಗಿಯಿತು. ಆಮೇಲೆ ಎದ್ದು ಚಾಕುವನ್ನು ಬಾಗಿಲ ಮುಂದಿನ ಮೆಟ್ಟಿಲುಕಲ್ಲಿನ ಹತ್ತಿರ ತೆಗೆದುಕೊಂಡು ಹೋಗಿ, ಅದರ ಅಂಚನ್ನು ಕಲ್ಲಿಗೆ ಉಜ್ಜಿದ. ಒಂದು ಚಾಕುವನ್ನು ಬೇಕೆಂದೇ ಮೊಂಡು ಮಾಡಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಅಭ್ಯಾಸಬಲದಿಂದ ಕೈ ಸಾಣೆ ಹಿಡಿಯುವ ಕೋನಕ್ಕೇ ತಿರುಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು ತಿರುಗಿಸಬೇಕಾಯಿತು. ಅವನಿಗೆ ಅಳು ಬಂತು, ನಿಜವಾಗಿಯೂ ಬಂತು. ಮೂಗು ಒರೆಸಿಕೊಂಡು ಹೊರಟ.

ಪಾತ್ರೆ ಅಂಗಡಿಯ ಮುಂದೆ ಜನವೋ ಜನ. ತಂಗಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮೇಜಿನ ಮೇಲೆ ಎರಡು ಹಲಗೆ, ಒಂದು ಬುಟ್ಟಿ ಟೊಮೆಟೊ. ಮೊದಲು ಹೆಂಡತಿ ಹೆಚ್ಚಿದಳು. ಬಿಲ್ಲೆಗಳು ಒಂದರ ಮೇಲೊಂದು ಮಲಗಿದವು. ಒಂದನ್ನು ಎತ್ತಿ ಹಿಡಿದರೆ ಆಚೆ ನಿಂತವರ ಮುಖ ಕಾಣುತ್ತಿತ್ತು. ಜನ ಹೋ ಎಂದರು. ಅಲಗಣ್ಣ ಹೆಮ್ಮೆಯಿಂದ ಬೀಗಿ, ತಕ್ಷಣ ನೆನಪಾಗಿ, ಮುಖ ಸಪ್ಪಗೆ ಮಾಡಿಕೊಂಡ. ನಂತರ ಅವನ ಸರದಿ. ಚಾಕು ಇಟ್ಟು ಎಳೆದ. ಟೊಮೆಟೊ ಹೋಳಾಗಲಿಲ್ಲ, ಒಡೆಯಿತು. ರಸ ಹಾರಿ ಹೋಟೆಲಿನ ಅಡುಗೆಯವನ ಬಿಳಿ ಅಂಗಿಗೆ ಬಿತ್ತು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. "ನೋಡಿದ್ರಾ, ನೋಡಿದ್ರಾ!" ಎಂದು ಪಾತ್ರೆ ಅಂಗಡಿಯವನು ಕುಣಿದಾಡಿದ. ಅಲಗಣ್ಣ ತಲೆ ತಗ್ಗಿಸಿ ನಿಂತ.

ಹೆಂಡತಿ ನಗಲಿಲ್ಲ. ಅವನ ಕೈಯಿಂದ ಚಾಕು ತೆಗೆದುಕೊಂಡು, ಅಂಚನ್ನು ತನ್ನ ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡಿದಳು. ಹರಿತವಾದ ಅಂಚು ಉಗುರಿನ ಮೇಲೆ ಕಚ್ಚಿ ನಿಲ್ಲಬೇಕು. ಇದು ಜಾರಿತು. ಬೆಳಕಿಗೆ ಹಿಡಿದಳು. ಕಲ್ಲಿನ ಗೀರುಗಳು ಎದ್ದು ಕಂಡವು. ಮೊಂಡು ಚಾಕು ಜೇಬಿನಲ್ಲಿದ್ದರೆ ಜ್ವರ ಬರುವ ಮನುಷ್ಯ ಇವನು. ಇದನ್ನು ತಾನೇ ಕೂತು ಮೊಂಡು ಮಾಡಿಕೊಂಡು ಬಂದಿದ್ದಾನೆ, ಹೆಂಡತಿ ಗೆಲ್ಲಲಿ ಎಂದು. ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಇಷ್ಟು ದಿನ ಅವನನ್ನು ಆಟ ಆಡಿಸಿದ್ದಕ್ಕೆ ಅವಳ ಮನಸ್ಸು ಒಮ್ಮೆಲೇ ಚುರುಕ್ಕೆಂದಿತು.

"ನಿಮ್ಮ ಅಂಗಡಿಯಿಂದ ಒಂದು ಕೆಂಪು ಚಾಕು ತೆಗೀರಿ" ಎಂದಳು ಪಾತ್ರೆ ಅಂಗಡಿಯವನಿಗೆ.

ಅವನು ಹಲ್ಲುಕಿರಿಯುತ್ತ ತಂದುಕೊಟ್ಟ. ಅವಳು ಟೊಮೆಟೊ ಮೇಲಿಟ್ಟು ಎಳೆದಳು. ಇನ್ನೊಂದಿಷ್ಟು ರಸ ಅಡುಗೆಯವನ ಅಂಗಿ ಸೇರಿತು.

"ಹೊಸದಲ್ವಾ ತಾಯಿ, ಹಳೇದಾಗಬೇಕು" ಎಂದ ಅಂಗಡಿಯವನು.

"ಹಳೇದಾದ್ರೆ ಸಾಲದು. ಮನೇಲಿ ಒಬ್ಬ ಕಳ್ಳ ಇರಬೇಕು" ಎಂದಳು. "ನನ್ನ ಸೋಪು ಕದ್ದು, ನಾನು ಊರಲ್ಲಿಲ್ಲದಾಗ ಅಲಗು ಬದಲಾಯಿಸಿ, ಏನೂ ಗೊತ್ತಿಲ್ಲದವರ ಹಾಗೆ ಕೊಡಗಟ್ಟಲೆ ನೀರು ಕುಡಿಯೋ ಕಳ್ಳ. ನನ್ನ ಕೈಲಿರೋದು ಇವರು ಮಾಡಿದ ಚಾಕು."

ಅಲಗಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ದರ್ಜಿ ಮಾತ್ರ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟ. ತಂಗಿ ಒಡನೆಯೇ, "ನಾನು ಅವತ್ತೇ ಅಂದುಕೊಂಡೆ, ನಮ್ಮಣ್ಣನ ಕೈಚಳಕ ಇದು ಅಂತ" ಎಂದು ಪಕ್ಕದವರಿಗೆ ಹೇಳತೊಡಗಿದಳು. ಅಂಗಡಿಯವನು ಮೆಲ್ಲಗೆ ರಟ್ಟನ್ನು ತಿರುಗಿಸಿ ಹಾಕಿದ. ಅದರ ಹಿಂಬದಿಯಲ್ಲಿ ಬಕೆಟ್ಟಿನ ಜಾಹೀರಾತು ಇತ್ತು. ಅಡುಗೆಯವನು ಒದ್ದೆ ಅಂಗಿಯಲ್ಲೇ ಅಲಗಣ್ಣನ ಹತ್ತಿರ ಬಂದು, "ನನ್ನದು ಯಾವಾಗ ಕೊಡ್ತೀಯ?" ಎಂದ.

ಮನೆಗೆ ಬಂದ ಮೇಲೆ ಅವನು ಅಡುಗೆಮನೆಯ ಹೊಸಿಲಾಚೆಯೇ ನಿಂತ. ಒಳಗೆ ಹೋಗಲು ಧೈರ್ಯ ಬರಲಿಲ್ಲ. ಅವಳು ಕೆಂಪು ಚಾಕು ತೊಳೆದು, ಒರೆಸಿ, ಮಧ್ಯಾಹ್ನಕ್ಕೆ ಈರುಳ್ಳಿ ಹೆಚ್ಚಲು ಕೂತಳು. ಚರಂಡಿಗೆ ಬಿಸಾಡಲಿಲ್ಲ.

"ಯಾವಾಗ ಗೊತ್ತಾಯ್ತು?" ಎಂದ ಅವನು.

"ಮೊದಲನೇ ಟೊಮೆಟೊಗೇ" ಎಂದಳು ಅವಳು, ತಲೆಯೆತ್ತದೆ. "ಇಷ್ಟು ವರ್ಷದಲ್ಲಿ ನನ್ನ ಸೊಟ್ಟ ಬೆರಳಿಗೆ ಕೂರೋಕೆ ಜಾಗ ಸಿಕ್ಕಿದ್ದು ಅವತ್ತೇ. ಅಲಗಿನ ಬೆನ್ನ ಮೇಲಿಡೋ ತೋರುಬೆರಳೂ ನೋಯಲಿಲ್ಲ. ಪಾತ್ರೆ ಅಂಗಡಿಯವನಿಗೆ ನನ್ನ ಬೆರಳಿನ ಚಿಂತೆ ಯಾಕೆ ಇರುತ್ತೆ? ಆಮೇಲೆ ನಿಮ್ಮನ್ನ ಊಟಕ್ಕೆ ಕರೆಯೋಕೆ ಬಂದಾಗ ಹಲಗೆ ಮೇಲೆ ಸೋಪೂ ಕಾಣಿಸ್ತು."

"ಮತ್ತೆ ಬಾಯಿ ಬಿಡಲಿಲ್ಲ ಯಾಕೆ? ನನ್ನ ಕಸುಬೇ ಮಣ್ಣುಪಾಲಾಗ್ತಿತ್ತಲ್ಲೇ!"

ಅವಳು ಚಾಕು ಕೆಳಗಿಟ್ಟಳು. "ಅದು ಅಷ್ಟು ದೂರ ಹೋಗುತ್ತೆ ಅಂದುಕೊಂಡಿರಲಿಲ್ಲ, ನನ್ನದೂ ತಪ್ಪೇ. ಆದರೆ ಕೇಳಿ. ಇಷ್ಟು ತಿಂಗಳು ನೀವು ದಿನಾ ಇಲ್ಲಿ ಬಂದು ನಿಂತ್ರಿ. ನಾನು ಹೆಚ್ಚಿದೆ, ನೀವು ನೋಡಿದ್ರಿ. ಒತ್ತಬೇಡ ಅನ್ನಲಿಲ್ಲ, ಎತ್ತು ಅನ್ನಲಿಲ್ಲ. ಮದುವೆಯಾದಾಗಿಂದ ನಾನು ಕೇಳಿದ್ದು ಅದೊಂದೇ ಅಲ್ವಾ? ನಿಜ ಹೇಳಿದ್ರೆ ಮತ್ತೆ ಶುರು ಹಚ್ಚಿಕೊಳ್ತೀರಿ ಅಂತ ಭಯ ಆಯ್ತು. ಆ ನೆಮ್ಮದಿ ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ."

ಆಗ ಅವನಿಗೆ ಆ ಹಳೆಯ ಮಾತಿನ ಉಳಿದರ್ಧ ನೆನಪಾಯಿತು. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತ. ಅವಳು ಮತ್ತೆ ಚಾಕು ತೆಗೆದುಕೊಂಡು ಈರುಳ್ಳಿಯ ಕಡೆ ತಿರುಗಿದಳು.

"ಚಾಕು ಚೆನ್ನಾಗಿದೆ ರೀ" ಎಂದಳು.

"ಏನಂದೆ? ಕೇಳಿಸಲಿಲ್ಲ."

"ಕೇಳಿಸ್ತು ನಿಮಗೆ."

ಅವಳ ಮಣಿಕಟ್ಟು ಎಂದಿನಂತೆ ತಪ್ಪಾಗಿಯೇ ಇತ್ತು. ಅಲಗಣ್ಣ ಬಾಯಿ ತೆರೆದ. ಆಮೇಲೆ ಮುಚ್ಚಿಕೊಂಡು, ಹೋಗಿ ಒಂದು ಲೋಟ ನೀರು ಬಗ್ಗಿಸಿಕೊಂಡ.

ಮಾರನೆಯ ಬೆಳಿಗ್ಗೆ ಅವನು ಕಾರ್ಖಾನೆಯ ಬಾಗಿಲು ತೆಗೆದಾಗ, ಮಾಂಸದಂಗಡಿಯವನ ಮುಷ್ಟಿಯ ಹಿಂದೆ ಸೋಪು ಇರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಸೋಪಿದ್ದ ಜಾಗದಲ್ಲಿ ಒಂದು ಉಂಡೆ ಜೇಡಿಮಣ್ಣು ಇತ್ತು, ಇನ್ನೂ ಹಸಿ. ಅದರ ಮೇಲೆ ನಾಲ್ಕು ಬೆರಳಿನ ಗುರುತು ಆಳವಾಗಿ ಮೂಡಿತ್ತು, ಬಸ್ಸಿನ ಕಂಬಿ ಹಿಡಿದ ಹಾಗೆ. ಕೊನೆಯದು ಪಕ್ಕಕ್ಕೆ ವಾಲಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕುಲುಮೆಯ ಪಕ್ಕ, ಎಲ್ಲಕ್ಕಿಂತ ಬೆಚ್ಚಗಿನ ಜಾಗದಲ್ಲಿ ಇಟ್ಟ. ಮೂಲೆಯಲ್ಲಿ ವರ್ಷಗಳಿಂದ ಕೂಡಿಟ್ಟಿದ್ದ ಒಳ್ಳೊಳ್ಳೆಯ ಮರದ ತುಂಡುಗಳನ್ನೆಲ್ಲ ಹರಡಿಕೊಂಡು, ಹಿಡಿಗೆ ಯಾವುದು ಒಪ್ಪುತ್ತದೆ ಎಂದು ಒಂದೊಂದನ್ನೇ ತಟ್ಟಿ ನೋಡತೊಡಗಿದ.

ಒಗೆಯುವ ಸದ್ದು ನಿಂತಿತು.

"ರೀ, ಕೇಳಿಸ್ತಾ?" ಎಂದಳು ಅವಳು ಕಿಟಕಿಯಾಚೆಯಿಂದ. "ಹಿಡಿ ಮಾತ್ರ ಕೆಂಪು ಪ್ಲಾಸ್ಟಿಕ್ಕೇ ಇರಲಿ!"